ಕಲ್ಲು ಕ್ವಾರಿಯ ವೈ-ಫೈ ಮತ್ತು 1 ಜನವರಿ 1970

"ನೀವು ಏನ್ ಕೆಲಸ ಮಾಡ್ತೀರಿ?" ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಹೊಸಬರು ಯಾರಾದರೂ ಹೀಗೆ ಕೇಳಿದರೆ ನನಗೆ ಸ್ವಲ್ಪ ಪೇಚಾಟವೇ. "ನೆಟ್‌ವರ್ಕ್ ಎಂಜಿನಿಯರ್" ಅಂದ ಕೂಡಲೇ ಅವರ ಕಣ್ಣ ಮುಂದೆ ಹಿಂಜೆವಾಡಿಯ ಎ.ಸಿ. ಆಫೀಸು, ಕೊರಳಲ್ಲಿ ಐ.ಡಿ. ಕಾರ್ಡು, ಎರಡು ವರ್ಷಕ್ಕೊಮ್ಮೆ ಅಮೆರಿಕ ಎಲ್ಲ ಬಂದು ನಿಲ್ಲುತ್ತೆ. ನನ್ನ ಬೂಟು ನೋಡಿದರೆ ಆ ಭ್ರಮೆ ಕೂಡಲೇ ಹೋಗುತ್ತೆ :-) ನನ್ನದು ವೈರ್‌ಲೆಸ್ ನೆಟ್‌ವರ್ಕನ್ನು ಊರ ಹೊರಗೆ ಒಯ್ಯುವ ಕೆಲಸ. ಕಲ್ಲು ಕ್ವಾರಿ, ಸಕ್ಕರೆ ಕಾರ್ಖಾನೆಯ ಕಬ್ಬಿನ ಅಂಗಳ, ನದಿ ದಂಡೆಯ ಪಂಪ್‌ಹೌಸು, ಗುಡ್ಡದ ಮೇಲಿನ ಗಾಳಿಯಂತ್ರ... ಎಲ್ಲಿ ವೈರು ಎಳೆಯುವುದು ಆಗದ ಮಾತೋ ಅಲ್ಲಿ ಕಂಬ ನೆಟ್ಟು, ಪೆಟ್ಟಿಗೆ ಕಟ್ಟಿ, ಆಂಟೆನಾ ತಿರುಗಿಸಿ, ಕೊನೆಗೆ ಅದಕ್ಕೆ ಬೀಗ ಹಾಕಿ ಬರುವುದು. ಧಾರವಾಡ ಬಿಟ್ಟು ಪುಣೆಗೆ ಬಂದು 30 ವರ್ಷ ದಾಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಕೆಲಸದಲ್ಲಿ ಹೋಗಿದೆ.

ಈ "ಬೀಗ" ಅನ್ನೋದರ ಬಗ್ಗೆ ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದೆ. ಪುಸ್ತಕದಲ್ಲಿ ಓದಿದರೆ ವೈರ್‌ಲೆಸ್ ಸುರಕ್ಷತೆ ಒಂದು ಅಧ್ಯಾಯ, ಮಳೆ-ಬಿಸಿಲು-ಧೂಳು ಇನ್ನೊಂದು ಅಧ್ಯಾಯ. ಕಂಬದ ಮೇಲೆ ಹತ್ತಿದವರಿಗೆ ಗೊತ್ತು, ಅವೆರಡೂ ಒಂದೇ ಅಂತ. ಹೇಗೆ ಅಂತ ಹೇಳ್ತೀನಿ, ಆದರೆ ಮೊದಲು ಸ್ವಲ್ಪ ಹಿನ್ನೆಲೆ ಬೇಕು.

ಮನೆಯೊಳಗಿನ ವೈ-ಫೈಗೆ ಶತ್ರು ಅಂದರೆ ಗೋಡೆ. ಹೊರಗಿನ ವೈ-ಫೈಗೆ ಶತ್ರುಗಳ ಪಟ್ಟಿಯೇ ಬೇರೆ. ಮಳೆ ಬಂದರೆ ಸಿಗ್ನಲ್ ಹೋಗುತ್ತೆ ಅಂತ ಬಹಳ ಜನ ತಿಳಿದಿದ್ದಾರೆ, ಅದು ಪೂರ್ತಿ ನಿಜವಲ್ಲ. ವೈ-ಫೈ ಓಡುವ 2.4 ಮತ್ತು 5 ಗಿಗಾಹರ್ಟ್ಸ್ ತರಂಗಗಳಿಗೆ ಮಳೆ ಹನಿಯಿಂದ ಹೆಚ್ಚು ತೊಂದರೆಯಿಲ್ಲ. ಡಿಶ್ ಟಿ.ವಿ. ಮಳೆಯಲ್ಲಿ ಕೈಕೊಡುವುದಕ್ಕೆ ಕಾರಣ ಅದರ ಆವರ್ತನ ಇನ್ನೂ ಮೇಲಿನದು ಅಂತ. ನಮಗೆ ತೊಂದರೆ ಕೊಡುವುದು ಕನೆಕ್ಟರ್ ಒಳಗೆ ಇಳಿದ ನೀರು, ಮತ್ತು ಒದ್ದೆ ಎಲೆ.

ಎಲೆಯ ವಿಷಯ ಹೇಳಲೇಬೇಕು. ಸಹ್ಯಾದ್ರಿಯ ಈ ಕಡೆ ಸಾಗುವಾನಿ ಮರ ಜಾಸ್ತಿ. ಬೇಸಿಗೆಯಲ್ಲಿ ಎಲೆ ಪೂರ್ತಿ ಉದುರಿಸಿಕೊಂಡು ಕಡ್ಡಿ ಕಡ್ಡಿಯಾಗಿ ನಿಂತಿರುತ್ತದೆ. ನಮ್ಮ ಕಂಪನಿಗಳು ಸೈಟ್ ಸರ್ವೆ ಮಾಡುವುದು ಯಾವಾಗ? ಮಾರ್ಚ್-ಏಪ್ರಿಲ್‌ನಲ್ಲಿ, ಮಳೆಗಾಲದ ಮೊದಲು ಕೆಲಸ ಮುಗಿಸುವ ಗಡಿಬಿಡಿಯಲ್ಲಿ. ಈ ಗುಡ್ಡದಿಂದ ಆ ಗುಡ್ಡಕ್ಕೆ ಕಣ್ಣಿಗೆ ಸ್ಪಷ್ಟ ಕಾಣುತ್ತೆ, ಲಿಂಕ್ ಬೆಣ್ಣೆಯ ಹಾಗೆ ಓಡುತ್ತೆ. ಜುಲೈ ಹೊತ್ತಿಗೆ ಅದೇ ಮರದಲ್ಲಿ ಮೊರದಗಲ ಎಲೆ, ಅದರ ಮೇಲೆ ನೀರು. ಲಿಂಕ್ ಸತ್ತೇ ಹೋಯಿತು! ಮುಳಶಿ ಕಡೆಯ ಒಂದು ಹಳ್ಳಿಯಲ್ಲಿ ಸೌದೆ ಹೊತ್ತುಕೊಂಡು ಹೋಗುತ್ತಿದ್ದ ಅಜ್ಜಿಯೊಬ್ಬಳು ನಮ್ಮ ದುರ್ಬೀನು ನೋಡಿ ಮರಾಠಿಯಲ್ಲಿ, "ಪಾವಸಾತ ಯಾ, ಮಗ ಬಘಾ" ಅಂದಿದ್ದಳು. ಮಳೆಗಾಲದಲ್ಲಿ ಬನ್ನಿ, ಆಗ ನೋಡಿ. ಅವತ್ತಿನಿಂದ ನಾನು ಸರ್ವೆಗೆ ಹೋದರೆ ಮೊದಲು ಮರ ಯಾವ ಜಾತಿಯದು ಅಂತ ನೋಡುತ್ತೇನೆ.

ಕಣ್ಣಿಗೆ ಕಂಡರೆ ಸಾಕು ಅನ್ನುವುದೂ ಸರಿಯಲ್ಲ. ರೇಡಿಯೋ ತರಂಗ ದಾರದ ಹಾಗೆ ನೇರ ಹೋಗುವುದಿಲ್ಲ, ನಡುವೆ ಸೌತೆಕಾಯಿಯ ಹಾಗೆ ಉಬ್ಬುತ್ತದೆ. ಫ್ರೆನೆಲ್ ವಲಯ ಅಂತಾರೆ. 5.8 ಗಿಗಾಹರ್ಟ್ಸ್‌ನಲ್ಲಿ 5 ಕಿಲೋಮೀಟರ್ ಲಿಂಕ್ ಹಾಕಿದರೆ ಸರಿಯಾಗಿ ನಡುವೆ ಆ ಸೌತೆಕಾಯಿಯ ತ್ರಿಜ್ಯ ಸುಮಾರು 8 ಮೀಟರ್. ಅದರಲ್ಲಿ ಕಡಿಮೆಯೆಂದರೆ ನೂರಕ್ಕೆ ಅರವತ್ತು ಪಾಲು ಖಾಲಿ ಇರಬೇಕು. ಮರದ ತುದಿಯ ಮೇಲಿಂದ ಎದುರಿನ ಕಂಬ ಕಾಣುತ್ತದೆ ಅಂತ ಖುಷಿಪಡುವ ಹಾಗಿಲ್ಲ.

ಇನ್ನು ಉಳಿದದ್ದು ಸಿಡಿಲು, ಮಂಗ, ಇಲಿ, ಪೆಟ್ಟಿಗೆಯೊಳಗೆ ಗೂಡು ಕಟ್ಟುವ ಕಣಜ. ಬರೀತಾ ಹೋದರೆ ಮುಗಿಯೋದಿಲ್ಲ. ಐ.ಪಿ. 67 ಅಂತ ಬರೆದ ಪೆಟ್ಟಿಗೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ನೀರು ಬಿಟ್ಟುಕೊಳ್ಳಬಾರದು, ಧೂಳು ಒಳಗೆ ಹೋಗಲೇಬಾರದು. ಆದರೆ ಒಬ್ಬ ಹುಡುಗ ಕೇಬಲ್ ತೂತಿನ ರಬ್ಬರ್ ವಾಷರ್ ಮರೆತರೆ ಆ 67ಕ್ಕೆ ಅರ್ಥವಿಲ್ಲ. ಕೇಬಲ್ಲು ಪೆಟ್ಟಿಗೆಗೆ ಹೋಗುವ ಮೊದಲು ಒಂದು ಸಲ ಕೆಳಗೆ ಬಾಗಿ ಮೇಲೇರಬೇಕು. ಹಾಗಿದ್ದರೆ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಬೀಳುತ್ತೆ, ಇಲ್ಲದಿದ್ದರೆ ಕೇಬಲ್ ಹಿಡಿದೇ ಒಳಗೆ ಹೋಗುತ್ತೆ. ಇಷ್ಟು ಚಿಕ್ಕ ಬಾಗು ಉಳಿಸಿದಷ್ಟು ಸಾಮಾನನ್ನು ಯಾವ ದುಬಾರಿ ಸಾಧನವೂ ಉಳಿಸಿಲ್ಲ ಅಂತ ನನ್ನ ಅನುಭವ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಜೀವ ಬಂದದ್ದು 2005ರಲ್ಲಿ. ಆ ವರ್ಷ ಜನವರಿಯಲ್ಲಿ ಸರಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್‌ನಿಂದ ಬಿಡುಗಡೆ ಮಾಡಿತು. 5 ಗಿಗಾಹರ್ಟ್ಸ್‌ನ ಹೆಚ್ಚಿನ ಪಾಲನ್ನು ಹೊರಾಂಗಣಕ್ಕೂ ಬಿಟ್ಟುಕೊಟ್ಟದ್ದು 2018ರಲ್ಲಿ. 2005ರ ನಂತರ ಧರ್ಮಶಾಲೆಯ ಬೆಟ್ಟಗಳಲ್ಲಿ ಏರ್‌ಜಲ್ದಿ ಅನ್ನುವವರು ಟಿಬೆಟನ್ನರ ಶಾಲೆ, ಆಸ್ಪತ್ರೆಗಳನ್ನು ವೈ-ಫೈನಿಂದ ಜೋಡಿಸಿದರು. ಅವರ ಆಂಟೆನಾಗಳ ಮೇಲೆ ಮಂಗಗಳು ಜೋಕಾಲಿ ಆಡುತ್ತಿದ್ದವಂತೆ. ತಮಿಳುನಾಡಿನ ತೇನಿಯಲ್ಲಿ ಅರವಿಂದ್ ಕಣ್ಣಾಸ್ಪತ್ರೆ ಮತ್ತು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಸೇರಿ ಹಳ್ಳಿಯ ಕಣ್ಣಿನ ಕೇಂದ್ರಗಳನ್ನು ಆಸ್ಪತ್ರೆಗೆ ಜೋಡಿಸಿದರು. ಹಳ್ಳಿಯಲ್ಲಿ ಕೂತ ರೋಗಿಯನ್ನು ತೇನಿಯ ಡಾಕ್ಟರು ವಿಡಿಯೋದಲ್ಲಿ ನೋಡುವುದು. ಇಲ್ಲಿ ನಮ್ಮ ಮುಂಬೈ ಹತ್ತಿರ ಪಾಲ್ಘರ್‌ನ ಹಳ್ಳಿಗಳಲ್ಲಿ ಐ.ಐ.ಟಿ. ಬಾಂಬೆಯವರ "ಗ್ರಾಮ್ ಮಾರ್ಗ್" ಕೆಲಸಕ್ಕೆ 2017ರಲ್ಲಿ ಮೊಝಿಲ್ಲಾದ ಬಹುಮಾನವೂ ಬಂತು.

ತೇನಿ ಮತ್ತು ಧರ್ಮಶಾಲೆಯ ಅನುಭವವನ್ನು ಒಟ್ಟಿಗೆ ಹಾಕಿ ಆ ತಂಡದವರು 2008ರಲ್ಲಿ ಒಂದು ಪ್ರಬಂಧ ಬರೆದರು. ನನ್ನ ಕೆಲಸಕ್ಕೆ ಅದಕ್ಕಿಂತ ಉಪಯೋಗದ ಓದು ಸಿಕ್ಕಿಲ್ಲ. ಅದರಲ್ಲಿ ಎದ್ದು ಕಾಣುವ ಮಾತು ರೇಡಿಯೋದ್ದಲ್ಲ, ಕರೆಂಟಿನದು. ಹಳ್ಳಿಯ ಕರೆಂಟು ಹೋಗುವುದಷ್ಟೇ ತೊಂದರೆಯಲ್ಲ. ಏರುತ್ತದೆ, ಇಳಿಯುತ್ತದೆ, ಅರ್ಧಕ್ಕೆ ಬಂದು ನಿಲ್ಲುತ್ತದೆ. ಅರ್ಧ ವೋಲ್ಟೇಜಿನಲ್ಲಿ ರೂಟರ್ ಪೂರ್ತಿ ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ದೀಪ ಉರಿಯುತ್ತಿರುತ್ತೆ, ಕೆಲಸ ಮಾತ್ರ ಇಲ್ಲ. ಯಾರಾದರೂ ಹೋಗಿ ಆಫ್ ಮಾಡಿ ಆನ್ ಮಾಡಬೇಕು. ಈ "ಯಾರಾದರೂ" ಅನ್ನುವವರು ಯಾರು? ಅದೇ ನನ್ನ ಇವತ್ತಿನ ವಿಷಯ.

ಈಗ ಬೀಗಕ್ಕೆ ಬರೋಣ. ವೈ-ಫೈಯ ಮೊದಲ ಬೀಗ ವೆಪ್. 2001ರಲ್ಲೇ ಅದರ ಸೋರಿಕೆ ಗೊತ್ತಾಗಿತ್ತು. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂಶೋಧಕರು ಒಂದು ನಿಮಿಷದೊಳಗೆ ಅದನ್ನು ತೆಗೆಯಬಹುದು ಅಂತ ತೋರಿಸಿದರು. 2004ರಲ್ಲಿ ಡಬ್ಲ್ಯೂಪಿಎ-2 ಬಂತು, ಅದು ಗಟ್ಟಿ ಬೀಗ. 2017ರಲ್ಲಿ ಬೆಲ್ಜಿಯಂನವರು ಅದರಲ್ಲೂ ಒಂದು ಬಿರುಕು ಹುಡುಕಿದಾಗ ನಾವು ಕಂಬ ಕಂಬ ಹತ್ತಿ ಸಾಫ್ಟ್‌ವೇರ್ ಬದಲಿಸಿದ್ದು ನೆನಪಿದೆ. 2018ರಲ್ಲಿ ಡಬ್ಲ್ಯೂಪಿಎ-3. ಒಟ್ಟಿನಲ್ಲಿ ಲೆಕ್ಕದ ಭಾಗವನ್ನು ಬುದ್ಧಿವಂತರು ಚೆನ್ನಾಗಿಯೇ ನೋಡಿಕೊಂಡಿದ್ದಾರೆ.

ನಮ್ಮಲ್ಲಿ ಸಾಮಾನ್ಯ ಜನಕ್ಕೆ ಇದರ ಬಿಸಿ ತಟ್ಟಿದ್ದು 2008ರಲ್ಲಿ. ಜುಲೈ 26ರ ಅಹಮದಾಬಾದ್ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಬಂದ ಇ-ಮೇಲಿನ ಜಾಡು ಹಿಡಿದು ಪೊಲೀಸರು ಹೋಗಿ ನಿಂತದ್ದು ನವಿ ಮುಂಬೈನಲ್ಲಿದ್ದ ಒಬ್ಬ ಅಮೆರಿಕನ್ನನ ಮನೆ ಬಾಗಿಲಲ್ಲಿ. ಅವನ ಬೀಗವಿಲ್ಲದ ವೈ-ಫೈಯನ್ನು ಬೇರೆ ಯಾರೋ ಬಳಸಿದ್ದರು. ಸೆಪ್ಟೆಂಬರಿನ ದಿಲ್ಲಿ ಸ್ಫೋಟದ ಇ-ಮೇಲ್ ಹೋದದ್ದು ಚೆಂಬೂರಿನ ಒಂದು ಕಂಪನಿಯ ವೈ-ಫೈನಿಂದ. ಮುಂದಿನ ವರ್ಷ ಮುಂಬೈ ಪೊಲೀಸರೇ ಲ್ಯಾಪ್‌ಟಾಪ್ ಹಿಡಿದು ಬೀದಿ ಸುತ್ತಿ ಬೀಗವಿಲ್ಲದ ವೈ-ಫೈ ಹುಡುಕುತ್ತೇವೆ ಅಂದರು. ಆಗ ಎಲ್ಲರೂ ಒಂದೊಂದು ಪಾಸ್‌ವರ್ಡ್ ಹಾಕಿಕೊಂಡರು. ಸರಿ, ಮುಗೀತು ಅಂದುಕೊಂಡರು.

ಆ ಒಂದೊಂದು ಪಾಸ್‌ವರ್ಡಿನ ಕಥೆಯೇ ಮುಂದಿನದು.

2014. ಪುಣೆಯಿಂದ ಒಂದೂವರೆ ಗಂಟೆ ದೂರದ ಒಂದು ಕಲ್ಲು ಕ್ವಾರಿ. ಹೆಸರು ಬೇಡ. ರಸ್ತೆಯ ಪಕ್ಕ ಆಫೀಸು ಮತ್ತು ಲಾರಿ ತೂಗುವ ಕಾಟಾ, ಅದರಾಚೆ ಕ್ರಶರು, ಕೆಳಗೆ ಹಳೆಯ ಗುಂಡಿ. ಒಂದೂವರೆ ಕಿಲೋಮೀಟರ್ ಆಚೆ ಗುಡ್ಡದ ಮಗ್ಗುಲಲ್ಲಿ ಹೊಸ ಗುಂಡಿ ತೆರೆದಿದ್ದರು. ಅಲ್ಲಿಗೆ ನೆಟ್‌ವರ್ಕ್ ಹೋಗಬೇಕು: ಕ್ಯಾಮೆರಾ, ಸೂಪರ್‌ವೈಸರನ ಟ್ಯಾಬ್ಲೆಟ್ಟು, ಡಂಪರ್‌ಗಳ ಲೆಕ್ಕ. ಮಹಾರಾಷ್ಟ್ರದಲ್ಲಿ ಕಲ್ಲನ್ನು ಬ್ರಾಸ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಬ್ರಾಸ್ ಅಂದರೆ 100 ಘನ ಅಡಿ. ಸರಕಾರಕ್ಕೆ ಕಟ್ಟುವ ರಾಯಲ್ಟಿಯೂ ಅದೇ ಲೆಕ್ಕದ್ದು. ಹಾಗಾಗಿ ಕಾಟಾದ ಕಂಪ್ಯೂಟರ್ ಅಂದರೆ ಆ ಜಾಗದ ತಿಜೋರಿ ಇದ್ದ ಹಾಗೆ.

ಕ್ವಾರಿಗೆ ಹೋದರೆ ನಾನು ಮೊದಲು ಹುಡುಕುವುದು ಮ್ಯಾನೇಜರನ್ನಲ್ಲ, ಸಿಡಿಮದ್ದಿನ ಲೈಸೆನ್ಸ್ ಇರುವ ಬ್ಲಾಸ್ಟರನ್ನು. ಎಲೆಕ್ಟ್ರಿಕ್ ಡಿಟೋನೇಟರ್ ಬಳಸುತ್ತಿದ್ದರೆ ಅದರ ವೈರೇ ಒಂದು ಆಂಟೆನಾ ಆಗಬಲ್ಲದು. ಹತ್ತಿರ ಜೋರಾದ ರೇಡಿಯೋ ಇದ್ದರೆ ಅನಾಹುತಕ್ಕೆ ದಾರಿ. ಯಾವ ಮದ್ದು, ಎಲ್ಲಿ ತೂತು ಹಾಕುತ್ತಾರೆ, ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡೇ ಕಂಬದ ಜಾಗ ಗುರುತಿಸುವುದು, ಆ ಹೊತ್ತಿಗೆ ಏನೇನು ಆಫ್ ಇರಬೇಕು ಅಂತ ಬರೆದುಕೊಳ್ಳುವುದು. ಇದಾದ ಮೇಲೆ ಉಳಿದ ಮಾತು.

ನಾನು ಫೋನಿನಲ್ಲಿ ಮನೆಯವರ ಹತ್ತಿರ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡು ರಾತ್ರಿ ಪಾಳಿಯ ವಾಚ್‌ಮನ್ ಹತ್ತಿರ ಬಂದರು. ಅರವತ್ತರ ಹತ್ತಿರದ ವಯಸ್ಸು, ತಲೆಗೆ ಟವೆಲ್ಲು.

"ಸಾಹೇಬ್ರ, ಕನ್ನಡದವ್ರೇನ್ರೀ?"

"ಹೌದ್ರೀ ಕಾಕಾ, ಧಾರವಾಡ ಕಡೆಯಂವ. ನಿಮ್ಮೂರು?"

"ಜತ್ತದ ಹತ್ರ ಒಂದು ಹಳ್ಳಿ ರೀ. ಮಹಾರಾಷ್ಟ್ರದಾಗ ಐತಿ, ಆದ್ರ ನಮ್ಮ ಮನ್ಯಾಗ ಕನ್ನಡಾನ."

ಅಲ್ಲಿ ಕಲ್ಲು ಒಡೆಯುವವರಲ್ಲಿಯೂ ಅರ್ಧ ಜನ ವಿಜಾಪುರ, ಕಲಬುರಗಿ ಕಡೆಯವರು. ಗುಡಿಸಲ ಸಾಲಿನಲ್ಲಿ ನಡೆದುಕೊಂಡು ಹೋದರೆ ಪುಣೆಯಲ್ಲಿದ್ದೇನೆ ಅನ್ನುವುದೇ ಮರೆತುಹೋಗುತ್ತಿತ್ತು. ನಮ್ಮ ಕನ್ನಡ ಸಂಘಗಳ ಸದಸ್ಯರ ಪಟ್ಟಿಯಲ್ಲಿ ಇವರ ಹೆಸರು ನಾನು ಕಂಡಿಲ್ಲ. ಅದು ಬೇರೆ ಮಾತು, ಇರಲಿ. ಕಾಕಾ ಜೊತೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದದ್ದಂತೂ ನಿಜ.

ಅಲ್ಲಿದ್ದ ಹಳೆಯ ನೆಟ್‌ವರ್ಕ್ ಬೇರೆ ಯಾರೋ ಹಾಕಿಹೋದದ್ದು. ಬೀಗ ಡಬ್ಲ್ಯೂಪಿಎ-2, ಅಂದರೆ ಗಟ್ಟಿಯೇ. ಆದರೆ ಇಡೀ ಜಾಗಕ್ಕೆ ಒಂದೇ ಪಾಸ್‌ವರ್ಡ್. ಮ್ಯಾನೇಜರಿಗೂ ಅದೇ, ಕಾಟಾ ಕ್ಲಾರ್ಕಿಗೂ ಅದೇ, ಕ್ರಶರ್ ರಿಪೇರಿಗೆ ಬರುವ ಹುಡುಗನಿಗೂ ಅದೇ. ಕಂಬದ ಪೆಟ್ಟಿಗೆ ತಿಂಗಳಿಗೆ ನಾಲ್ಕು ಸಲ ಕೈಕೊಡುತ್ತಿದ್ದುದರಿಂದ, ರಿಪೇರಿಗೆ ಬಂದವರು ಪ್ರತಿ ಸಲ ಫೋನ್ ಮಾಡಿ ಕೇಳುವುದು ಬೇಡ ಅಂತ ಯಾರೋ ಪುಣ್ಯಾತ್ಮ ಆ ಪಾಸ್‌ವರ್ಡನ್ನು ಮೀಟರ್ ಕೋಣೆಯ ಗೋಡೆ ಮೇಲೆ ಕಪ್ಪು ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದ. ಕಂಪನಿಯ ಹೆಸರು, ಮುಂದೆ 123. ಕಾಟಾದ ಕಂಪ್ಯೂಟರೂ ಅದೇ ನೆಟ್‌ವರ್ಕಿನಲ್ಲಿ, ಅದರ ಫೋಲ್ಡರುಗಳು ಎಲ್ಲರಿಗೂ ತೆರೆದಿದ್ದವು.

ಒಂದೇ ಬೀಗದ ಕೈಯನ್ನು ಎಲ್ಲರಿಗೂ ಕೊಡುವ ಈ ಪದ್ಧತಿಯ ದೋಷ ಹೊರಗಿನವರು ಒಳಗೆ ಬರುತ್ತಾರೆ ಅನ್ನುವುದಷ್ಟೇ ಅಲ್ಲ. ಒಳಗೆ ಬಂದವರು ಯಾರು ಅಂತ ಹೇಳಲು ಆಗುವುದಿಲ್ಲ. ಅದರ ಬಿಸಿ ಯಾರಿಗೆ ತಟ್ಟುತ್ತದೆ ಅಂತ ನಾನು ಕಣ್ಣಾರೆ ಕಂಡೆ.

ನಾವು ಹೊಸ ಗುಂಡಿಯ ಕಂಬಕ್ಕೆ ಕಾಂಕ್ರೀಟ್ ಹಾಕಿಸುತ್ತಿದ್ದ ವಾರ, ಕಾಟಾದ ದಾಖಲೆಯಿಂದ 11 ಲಾರಿಗಳ ಎಂಟ್ರಿ ಮಾಯವಾಗಿರುವುದು ಲೆಕ್ಕದವರ ಕಣ್ಣಿಗೆ ಬಿತ್ತು. ಕಲ್ಲು ಹೋಗಿದೆ, ದುಡ್ಡು ಇಲ್ಲ. ಎರಡು ದಿನದಲ್ಲಿ ಮ್ಯಾನೇಜರ್ ಸಾಹೇಬರು ಕಳ್ಳನನ್ನು "ಹಿಡಿದರು". ರಾತ್ರಿ ಇರುವವನು ಯಾರು? ವಾಚ್‌ಮನ್. ಅವನ ಹತ್ತಿರ ಸ್ಮಾರ್ಟ್‌ಫೋನ್ ಇದೆಯೇ? ಇದೆ, ಮಗ ಹೊಸದಾಗಿ ಕೊಡಿಸಿದ್ದು. ಅದು ವೈ-ಫೈಗೆ ಸೇರಿದೆಯೇ? ಸೇರಿದೆ. ಮುಗೀತು. ನನ್ನನ್ನು ಕರೆದು, "ನೀವು ಎಕ್ಸ್‌ಪರ್ಟ್, ಇವನ ಫೋನು ನಮ್ಮ ನೆಟ್‌ವರ್ಕಿನಲ್ಲಿತ್ತು ಅಂತ ಒಂದು ಸಾಲು ಬರೆದುಕೊಡಿ ಸಾಕು" ಅಂದರು.

ಕಾಕಾನ ಫೋನು ವೈ-ಫೈನಲ್ಲಿ ಇದ್ದದ್ದು ನಿಜ. ರಾತ್ರಿ ನಿದ್ದೆ ಬಾರದಿರಲಿ ಅಂತ ತತ್ವಪದ, ಭಜನೆ ಕೇಳುತ್ತಿದ್ದರು. ಅವರು ಅದನ್ನು ಮುಚ್ಚಿಡಲೂ ಇಲ್ಲ. "ಗ್ವಾಡಿ ಮ್ಯಾಲ ಬರದದ್ದು ಓದಿದ್ರ ಅದು ಕಳವು ಹೆಂಗ ಆಕ್ಕೈತ್ರೀ ಸಾಹೇಬ್ರ?" ಅಂತ ನನ್ನನ್ನೇ ಕೇಳಿದರು. ಏನು ಉತ್ತರ ಕೊಡಲಿ?

ನಾನು ಅವತ್ತು ಸಂಜೆಯೇ ಕುಳಿತು ರೂಟರಿನ ಲಾಗ್ ತೆಗೆದೆ. ಲಾಗ್ ಅಂದರೆ ಬಾಗಿಲಲ್ಲಿಟ್ಟ ಹಾಜರಿ ಪುಸ್ತಕ, ಯಾವ ಸಾಧನ ಎಷ್ಟು ಹೊತ್ತಿಗೆ ಬಂತು, ಹೋಯಿತು ಅಂತ ಬರೆದಿಡುವುದು. ಪುಸ್ತಕ ತೆರೆದರೆ ಮೊದಲ ಸಾಲಿನ ತಾರೀಕು: 1 ಜನವರಿ 1970, ಬೆಳಿಗ್ಗೆ 5:30.

ನಗಬೇಡಿ, ಇದಕ್ಕೆ ಕಾರಣವಿದೆ. ಯೂನಿಕ್ಸ್ ಪರಂಪರೆಯ ಯಂತ್ರಗಳೆಲ್ಲ ಕಾಲವನ್ನು ಎಣಿಸುವುದು 1970ರ ಜನವರಿ 1ರಿಂದ. ಗ್ರೀನ್‌ವಿಚ್ ಕಾಲಮಾನದ ಮಧ್ಯರಾತ್ರಿ ಅಂದರೆ ನಮ್ಮ ಬೆಳಗಿನ ಐದೂವರೆ. ನಿಮ್ಮ ಕಂಪ್ಯೂಟರಿನೊಳಗೆ ಒಂದು ಸಣ್ಣ ಗುಂಡು ಸೆಲ್ ಇರುತ್ತದೆ, ಕರೆಂಟ್ ಹೋದರೂ ಗಡಿಯಾರ ನಡೆಯಲಿ ಅಂತ. ಎಷ್ಟೋ ರೂಟರುಗಳಲ್ಲಿ ಆ ಸೆಲ್ ಇರುವುದೇ ಇಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಅದು 1970ರಲ್ಲಿ ಹುಟ್ಟುತ್ತದೆ. ಆಮೇಲೆ ಇಂಟರ್ನೆಟ್ಟಿನಲ್ಲಿ ಯಾರನ್ನೋ ಕೇಳಿ ಗಂಟೆ ಸರಿಮಾಡಿಕೊಳ್ಳುತ್ತದೆ. ಆ ಕ್ವಾರಿಯ ಇಂಟರ್ನೆಟ್ಟು ಒಂದು ಡಾಂಗಲ್ಲು, ಅದಕ್ಕೇ ದಿನಕ್ಕೆ ಅರ್ಧ ಹೊತ್ತು ಸಿಗ್ನಲ್ ಇಲ್ಲ. ಇದಕ್ಕಿಂತ ಮುಖ್ಯ, ಲಾಗ್ ಉಳಿಯುವುದು ತಾತ್ಕಾಲಿಕ ನೆನಪಿನಲ್ಲಿ. ಕರೆಂಟ್ ಹೋದರೆ ಅದೂ ಹೋಯಿತು. ದಿನಕ್ಕೆ ಐದಾರು ಸಲ ಕರೆಂಟ್ ಹೋಗುವ ಜಾಗದಲ್ಲಿ ಆ ಹಾಜರಿ ಪುಸ್ತಕದ ಹಾಳೆ ದಿನಕ್ಕೆ ಐದಾರು ಸಲ ಹರಿದುಹೋಗುತ್ತಿತ್ತು.

ಅಂದರೆ ಆ 11 ಎಂಟ್ರಿ ಅಳಿಸಿದವರು ಯಾರು ಅಂತ ಹೇಳುವ ಸಾಕ್ಷಿಯನ್ನು ಯಾವ ಕಳ್ಳನೂ ನಾಶ ಮಾಡಿರಲಿಲ್ಲ. ಯು.ಪಿ.ಎಸ್. ಇಲ್ಲದ ಒಂದು ಕಂಬ ನಾಶ ಮಾಡಿತ್ತು. ಮಳೆ, ಕರೆಂಟು ಬೇರೆ, ಬೀಗ ಬೇರೆ ಅಲ್ಲ ಅಂತ ಮೇಲೆ ಹೇಳಿದೆನಲ್ಲ, ಇದೇ ಅದು.

ನಾನು ರಿಪೋರ್ಟಿನಲ್ಲಿ ಒಂದು ಸಾಲು ಬರೆಯಲಿಲ್ಲ, ಎರಡು ಪುಟ ಬರೆದೆ. ಈ ಪಾಸ್‌ವರ್ಡ್ ಗೋಡೆ ಮೇಲಿದೆ, ಫೋಟೋ ಲಗತ್ತಿಸಿದೆ. ಕೊನೆಯ ಸಲ ಕರೆಂಟ್ ಬಂದಾಗಿನಿಂದ ಈ ನೆಟ್‌ವರ್ಕಿಗೆ ಸೇರಿದ ಸಾಧನಗಳು 34. ಆಫೀಸಿನವರ ಸಾಧನಗಳು 9. ಕಾಟಾದ ಫೋಲ್ಡರನ್ನು ಈ 34ರಲ್ಲಿ ಯಾವುದರಿಂದಲಾದರೂ ತೆರೆಯಬಹುದಿತ್ತು. ಎಂಟ್ರಿ ಅಳಿಸಿದ ರಾತ್ರಿಯ ದಾಖಲೆ ಉಳಿದಿಲ್ಲ. ಆದ್ದರಿಂದ ಒಬ್ಬ ವ್ಯಕ್ತಿಯನ್ನು ಬೆರಳು ಮಾಡಿ ತೋರಿಸಲು ಈ ನೆಟ್‌ವರ್ಕಿನಲ್ಲಿ ಆಧಾರವಿಲ್ಲ. ಮ್ಯಾನೇಜರ್ ಓದಿ, "ಇದು ನಮಗೆ ಉಪಯೋಗವಿಲ್ಲ" ಅಂದರು. ಪೊಲೀಸ್ ಕಂಪ್ಲೇಂಟ್ ಅಂತೂ ಆಗಲಿಲ್ಲ. ಆದರೆ ಕಾಕಾನನ್ನು ಇಟ್ಟುಕೊಳ್ಳಲೂ ಇಲ್ಲ. ಒಂದೂವರೆ ತಿಂಗಳ ಪಗಾರ ಹಿಡಿದುಕೊಂಡು ಕಳಿಸಿದರು. ಜತ್ತದ ಬಸ್ ಹತ್ತುವ ಮೊದಲು ಕಾಕಾ ಒಂದು ಮಾತು ಹೇಳಿಹೋದರು.

"ಸಾಹೇಬ್ರ, ಆ ಪೆಟಗಿ ಮಳಿಯಾಗ ಬಂದ್ ಬಿದ್ರ ರಾತ್ರಿ ಕಂಬ ಹತ್ತಬೇಕಾಕ್ಕೈತಿ. ನಾಳೆ ನನ್ನ ಜಾಗಾಕ್ಕ ಬರಾಂವ ಬಿದ್ದು ಸತ್ತಾನು. ಕೆಳಗ ಒಂದು ಸ್ವಿಚ್ ಇಡ್ರಿ."

ಹೊಸ ನೆಟ್‌ವರ್ಕನ್ನು ನಾನು ಆ ಸ್ವಿಚ್ಚಿನಿಂದಲೇ ಶುರುಮಾಡಿ ಬರೆದೆ. ಕಂಬದ ಬುಡದಲ್ಲಿ, ಎದೆಮಟ್ಟದಲ್ಲಿ, ಮಳೆ ತಾಗದ ಒಂದು ಬಟನ್. ಒತ್ತಿದರೆ ಮೇಲಿನ ಪೆಟ್ಟಿಗೆ ಆಫ್ ಆಗಿ ಆನ್ ಆಗುತ್ತೆ, ಅಷ್ಟೇ. ಸೆಟ್ಟಿಂಗ್ ಅಳಿಸುವ ರಿಸೆಟ್ ಗುಂಡಿ ಮೇಲೆ, ಬೀಗದೊಳಗೆ. ಅಲ್ಲಿ ಕಾಯುವ ಮನುಷ್ಯನಿಗೆ ನೆಟ್‌ವರ್ಕನ್ನು ಬದುಕಿಸುವ ಅಧಿಕಾರ ಇರಬೇಕು, ಅದಕ್ಕಾಗಿ ಅವನಿಗೆ ಪಾಸ್‌ವರ್ಡ್ ಗೊತ್ತಿರುವ ಅಗತ್ಯ ಬೀಳಬಾರದು. ಇವೆರಡನ್ನು ಬೇರೆ ಮಾಡದಿದ್ದರೆ ಪಾಸ್‌ವರ್ಡ್ ಮತ್ತೆ ಗೋಡೆ ಮೇಲೆ ಬರುತ್ತೆ.

ಕಾಟಾದ ಕಂಪ್ಯೂಟರನ್ನು ವೈ-ಫೈಯಿಂದ ಪೂರ್ತಿ ಕಿತ್ತು ಹಾಕಿದೆವು. ಆಫೀಸಿಗೆ 60 ಮೀಟರ್ ದೂರ. ಈಥರ್‌ನೆಟ್ ಕೇಬಲ್ಲಿಗೆ 100 ಮೀಟರ್‌ವರೆಗೆ ಅಡ್ಡಿಯಿಲ್ಲ, ನೆಲದಡಿ ಪೈಪಿನಲ್ಲಿ ಎಳೆದದ್ದಾಯಿತು. ವೈರ್‌ಲೆಸ್ ಮಾರುವವನು ಹೀಗೆ ಹೇಳಬಾರದೇನೋ, ಆದರೆ ವೈರು ಎಳೆಯಲು ಬರುವ ಕಡೆ ವೈರೇ ಎಳೆಯಬೇಕು. ಕ್ಯಾಮೆರಾಗಳಿಗೆ ಬೇರೆ ಓಣಿ, ಅವು ರೆಕಾರ್ಡರ್ ಬಿಟ್ಟು ಬೇರೆ ಯಾರ ಜೊತೆಗೂ ಮಾತಾಡುವ ಹಾಗಿಲ್ಲ. ಆಫೀಸಿನ ಪ್ರತಿ ಲ್ಯಾಪ್‌ಟಾಪ್, ಟ್ಯಾಬ್ಲೆಟ್ಟಿಗೂ ಅದರದೇ ಸರ್ಟಿಫಿಕೇಟು. ಒಂದು ಕಳೆದುಹೋದರೆ ಅದೊಂದನ್ನೇ ರದ್ದು ಮಾಡಬಹುದು, ಊರಿಗೆಲ್ಲ ಹೊಸ ಪಾಸ್‌ವರ್ಡ್ ಸಾರುವ ಕೆಲಸವಿಲ್ಲ.

ಇಲ್ಲಿ ಮತ್ತೆ ಆ 1970 ಅಡ್ಡ ಬರುತ್ತೆ ನೋಡಿ! ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕರೆಂಟ್ ಹೋಗಿ ಬಂದ ಪೆಟ್ಟಿಗೆ ತಾನು 1970ರಲ್ಲಿದ್ದೇನೆ ಅಂದುಕೊಂಡರೆ, 2014ರ ಸರ್ಟಿಫಿಕೇಟು ಅದರ ಪಾಲಿಗೆ ಇನ್ನೂ ಹುಟ್ಟಿಯೇ ಇಲ್ಲ. ಒಳಗೆ ಬಿಡುವುದಿಲ್ಲ. ರಾತ್ರಿ ಎರಡಕ್ಕೆ ಮಳೆಯಲ್ಲಿ ನಿಂತ ರಿಪೇರಿ ಹುಡುಗ ಏನು ಮಾಡುತ್ತಾನೆ? "ಸದ್ಯಕ್ಕೆ" ಅಂತ ಸುರಕ್ಷತೆಯನ್ನೇ ಆಫ್ ಮಾಡುತ್ತಾನೆ. ಆ "ಸದ್ಯಕ್ಕೆ" ಎಷ್ಟೋ ಕಡೆ ವರ್ಷಗಟ್ಟಲೆ ಇರುವುದನ್ನು ನೋಡಿದ್ದೇನೆ. ಅದಕ್ಕೇ ಆಫೀಸಿನಲ್ಲಿ ಒಂದು ಚಿಕ್ಕ ಸರ್ವರ್ ಇಟ್ಟು, ಜಿ.ಪಿ.ಎಸ್. ರಿಸೀವರ್ ಜೋಡಿಸಿದೆವು. ಜಿ.ಪಿ.ಎಸ್. ದಾರಿ ತೋರಿಸುವುದಕ್ಕಷ್ಟೇ ಅಲ್ಲ, ಅದು ಬಹಳ ಒಳ್ಳೆಯ ಗಡಿಯಾರ ಕೂಡ. ಇಂಟರ್ನೆಟ್ ಇರಲಿ ಬಿಡಲಿ, ಕಂಬಗಳು ಗಂಟೆ ಕೇಳುವುದು ಅದನ್ನೇ. ತಮ್ಮ ಹಾಜರಿಯನ್ನೂ ಆಗಿಂದಾಗಲೇ ಅಲ್ಲಿಗೇ ಕಳಿಸುತ್ತವೆ. ಕಂಬ ಸತ್ತರೂ ಪುಸ್ತಕ ಆಫೀಸಿನಲ್ಲಿ ಉಳಿಯುತ್ತದೆ. ಪ್ರತಿ ಕಂಬಕ್ಕೆ 12 ವೋಲ್ಟಿನ ಬ್ಯಾಟರಿ, ವೋಲ್ಟೇಜ್ ತೀರ ಇಳಿದರೆ ಪೂರ್ತಿ ಕಡಿದುಹಾಕುವ ಒಂದು ಸರ್ಕ್ಯೂಟು. ಅರ್ಧ ಬದುಕಿದ ಪೆಟ್ಟಿಗೆಗಿಂತ ಪೂರ್ತಿ ಸತ್ತದ್ದು ವಾಸಿ.

ಹೊಸ ಗುಂಡಿಯ ಕಂಬಕ್ಕೆ ಇನ್ನೊಂದು ಸಂಕಟ. ಕ್ವಾರಿಯಲ್ಲಿ ನೆಲವೇ ಸರಿಯುತ್ತಿರುತ್ತದೆ. ಇವತ್ತಿನ ದಂಡೆ ಆರು ತಿಂಗಳಲ್ಲಿ ಜಲ್ಲಿಯಾಗಿ ಲಾರಿ ಹತ್ತಿರುತ್ತದೆ. ಅದಕ್ಕೆ ಗುಂಡಿಯ ಒಳಗಿನ ಕಂಬವನ್ನು ಚಕ್ರದ ಟ್ರಾಲಿ ಮೇಲೆ ಕೂಡಿಸಿ, ಸೋಲಾರ್ ಫಲಕ ಕಟ್ಟಿದೆವು. ಸ್ಫೋಟದ ಅದುರಿಗೆ ಕ್ಲಾಂಪ್ ಸಡಿಲವಾದರೆ ಡಿಶ್ ಐದು ಡಿಗ್ರಿ ವಾಲುತ್ತೆ ಅಂದುಕೊಳ್ಳಿ, ಒಂದೂವರೆ ಕಿಲೋಮೀಟರ್ ಆಚೆ ಗುರಿ 130 ಮೀಟರ್ ತಪ್ಪಿರುತ್ತದೆ! ಹಾಗಾಗಿ ಸಪೂರ ಕಿರಣದ ದೊಡ್ಡ ಡಿಶ್ ಬಿಟ್ಟು, ಸ್ವಲ್ಪ ಅಗಲ ಕಿರಣದ ಆಂಟೆನಾ ಹಾಕಿದೆವು.

ಇಷ್ಟೆಲ್ಲ ಬೀಗದ ನಡುವೆ ಒಂದು ವಿಷಯಕ್ಕೆ ಮಾತ್ರ ನಾನು ಹಟ ಮಾಡಬೇಕಾಯಿತು. ಕೂಲಿಯವರಿಗೆ ಸಂಜೆ ಎರಡು ಗಂಟೆ, ಹೆಸರು ನಂಬರ್ ಬರೆಸಿಕೊಂಡು, ಬೇರೆಯೇ ಓಣಿಯಲ್ಲಿ ಇಂಟರ್ನೆಟ್ ಕೊಡಿ ಅಂದೆ. "ಇವರಿಗೆ ಫುಕಟ್ ಇಂಟರ್ನೆಟ್ ಯಾಕೆ?" ಅಂತ ಮ್ಯಾನೇಜರು. 34ರಲ್ಲಿ 25 ಫೋನು ಯಾರವು ಅಂತ ಅವರಿಗೆ ನೆನಪಿಸಿದೆ. ಆ ಗುಡ್ಡದಲ್ಲಿ ಬೇರೆ ಸಿಗ್ನಲ್ ಸಿಗದು, ಊರಿನಲ್ಲಿ ಮಕ್ಕಳನ್ನು ಬಿಟ್ಟು ಬಂದವರು ಹೇಗಾದರೂ ಮಾಡಿ ದಾರಿ ಹುಡುಕಿಯೇ ಹುಡುಕುತ್ತಾರೆ. ಬಾಗಿಲು ಕೊಡದಿದ್ದರೆ ಕಿಟಕಿ ಹತ್ತುತ್ತಾರೆ. ಕೊನೆಗೆ ಒಪ್ಪಿದರು. ನನ್ನ ಮಾತಿಗಿಂತ, ಕೊಟ್ಟರೆ ಜನ ಕೆಲಸ ಬಿಟ್ಟು ಹೋಗುವುದಿಲ್ಲ ಅಂತ ಕಾಂಟ್ರಾಕ್ಟರ್ ಹೇಳಿದ್ದಕ್ಕೆ ಇರಬೇಕು.

ಮೇ ಕೊನೆಗೆ ಕೆಲಸ ಮುಗಿಯಿತು, ಜೂನಿನಲ್ಲಿ ಮಳೆ ಹಿಡಿಯಿತು, ನೆಟ್‌ವರ್ಕ್ ನಿಂತಿತು. ಜುಲೈನಲ್ಲಿ ಕಾಟಾದಿಂದ ಮತ್ತೆ ಎರಡು ಎಂಟ್ರಿ ಮಾಯವಾದವು.

ಈ ಸಲ ಹಾಜರಿ ಪುಸ್ತಕ ಇತ್ತು, ತಾರೀಕು ಸರಿಯಿತ್ತು. ರಾತ್ರಿ 11:40ಕ್ಕೆ ಆಫೀಸಿನ ಒಂದು ಲ್ಯಾಪ್‌ಟಾಪು, ತನ್ನದೇ ಸರ್ಟಿಫಿಕೇಟಿನಲ್ಲಿ ಒಳಬಂದು, ಆಫೀಸಿನ ಸರ್ವರ್ ಮೂಲಕ ಕಾಟಾದ ಕಂಪ್ಯೂಟರನ್ನು ಮುಟ್ಟಿತ್ತು. ಆ ಪ್ರಿಂಟ್‌ಔಟನ್ನು ಮಾಲೀಕರ ಕೈಯಲ್ಲೇ ಕೊಟ್ಟು ಬಂದೆ. ಆಮೇಲೆ ಏನಾಯಿತು ಅಂತ ನನಗೆ ಯಾರೂ ಹೇಳಲಿಲ್ಲ, ಹೇಳುವುದು ಅವರ ಕೆಲಸವೂ ಅಲ್ಲ. ಎರಡು ತಿಂಗಳ ನಂತರ ಹೋದಾಗ ಆ ಮೇಜಿನ ಮೇಲೆ ಬೇರೆ ಹುಡುಗ ಕೂತಿದ್ದ, ನನಗೆ ಚಹಾ ತರಿಸಿದ. ಕಾಕಾನ ಪಗಾರದ ವಿಷಯ ತೆಗೆದೆ. "ಹಳೇ ಫೈಲ್, ನೋಡ್ತೀವಿ" ಅಂದರು. ಇನ್ನೆರಡು ಸಲ ಕೇಳಿದೆ. ಅದೇ ಉತ್ತರ.

ಕಾಕಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕಂಪ್ಯೂಟರಿನಲ್ಲಿ ಈಗ ಸರಿಯಾಗಿ ಬರೆದಿದೆ, ಅಳಿಸಿದ್ದು ನೀವಲ್ಲ ಅಂತ ಎಲ್ಲರಿಗೂ ಗೊತ್ತಾಗಿದೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಆಡಿನ ಕೂಗಷ್ಟೇ ಕೇಳಿಸಿತು.

"ಛಲೋ ಆತ್ರೀ ಸಾಹೇಬ್ರ," ಅಂದರು. "ಮತ್ತ, ಸ್ವಿಚ್ ಇಟ್ರೇನ್ರೀ ಕೆಳಗ?"